ಭಾವನ ನಾಲ್ಕೂವರೆ ಗಂಟೆ: ಸಕ್ಕರೆ ಕಮ್ಮಿ ಮಾಡಿದ ಒಂದು ಪ್ರಕರಣ

ನಮ್ಮ ಭಾವ ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಗಾದಿ ಮೇಲೆ ಕೂತರೆ ರಾತ್ರಿ ಎಂಟರವರೆಗೆ ಸೀರೆ ಬಿಚ್ಚುವುದು, ಮಡಿಸುವುದು, ಮತ್ತೆ ಬಿಚ್ಚುವುದು. ವಯಸ್ಸು 46. ನಾನು ಆಹಾರ ಸಲಹೆಗಾರ್ತಿ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ದಿನಾ ಹತ್ತಾರು ಜನರಿಗೆ ಹೇಳುವುದೇ ನನ್ನ ಕೆಲಸ. ಆದರೂ ಸಿಹಿ ತಿನ್ನುವ ಆಸೆ ಅಂದರೆ ಏನು ಅಂತ ನನಗೆ ಸರಿಯಾಗಿ ಅರ್ಥವಾದದ್ದು ಭಾವನ ಜೊತೆ ಕಳೆದ ಈ ಒಂದು ವರ್ಷದಲ್ಲಿ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅಕ್ಕನೂ ಓದಿ ಎರಡು ಕಡೆ ತಿದ್ದಿದ್ದಾಳೆ.

ಶುರುವಿನ ಲೆಕ್ಕ

2023ರ ಡಿಸೆಂಬರ್ ಕೊನೆಯಲ್ಲಿ ಭಾವ ರಕ್ತ ಪರೀಕ್ಷೆ ಮಾಡಿಸಿದರು. ಎಚ್‌ಬಿಎ1ಸಿ 6.1 ಬಂತು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಹೇಗಿತ್ತು ಅಂತ ತೋರಿಸುವ ಪರೀಕ್ಷೆ ಇದು. 5.7ರಿಂದ 6.4ರ ನಡುವೆ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. 6.5 ಆದರೆ ಹೊಸ್ತಿಲು ದಾಟಿದ ಹಾಗೆ. ಎತ್ತರ 167 ಸೆಂಟಿಮೀಟರ್, ತೂಕ 81.4 ಕಿಲೋ, ಹೊಟ್ಟೆಯ ಸುತ್ತಳತೆ 101 ಸೆಂಟಿಮೀಟರ್. ನಮ್ಮ ಗಂಡಸರಿಗೆ ಈ ಸುತ್ತಳತೆ 90ರ ಒಳಗೆ ಇರಬೇಕು. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಬಿಎಂಐ 29. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತಲೇ ಲೆಕ್ಕ.

ಭಾವನ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕೊನೆಗಾಲದಲ್ಲಿ ಕಾಲಿನ ಎರಡು ಬೆರಳು ತೆಗೆಸಬೇಕಾಯಿತು. ಅದನ್ನು ಕಣ್ಣಾರೆ ನೋಡಿದವರು ಭಾವ. ಹಾಗಾಗಿ 6.1 ಅನ್ನುವ ಆ ಸಣ್ಣ ಅಂಕಿ ಅವರ ನಿದ್ದೆ ಕೆಡಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 2023ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿ ಇರುವವರು ತೂಕ ಇಳಿಸಿದರೆ ಹಿಂದಕ್ಕೆ ಬರಬಹುದು. ಡಾಕ್ಟರ್ ಕೂಡ ಅದನ್ನೇ ಹೇಳಿದರು. ಮಾತ್ರೆ ಬೇಡ, ತೂಕ ಇಳಿಸಿ, ಸಕ್ಕರೆ ಕಮ್ಮಿ ಮಾಡಿ, ಆಮೇಲೆ ನೋಡೋಣ ಅಂದರು.

ಅಕ್ಕ ಫೋನ್ ಮಾಡಿದಳು. ಆಗ ನಾನು ಒಂದು ತಪ್ಪು ಮಾಡಿದೆ.

ಹದಿನೆಂಟು ದಿನ

ಹತ್ತು ವರ್ಷದ ಹಿಂದೆ ಭಾವ ಒಂದೇ ದಿನದಲ್ಲಿ ಸಿಗರೇಟ್ ಬಿಟ್ಟವರು. ಅಂಥವರಿಗೆ ಸಕ್ಕರೆ ಯಾವ ಲೆಕ್ಕ ಅಂದುಕೊಂಡೆ. ಸಂಕ್ರಾಂತಿ ಮುಗಿದ ಮಾರನೇ ದಿನ, 2024ರ ಜನವರಿ 16ರಿಂದ ಸಕ್ಕರೆ ಪೂರ್ತಿ ಬಂದ್ ಅಂತ ಹೇಳಿಬಿಟ್ಟೆ. ಕಾಫಿಗೆ ಇಲ್ಲ, ಬಿಸ್ಕತ್ ಇಲ್ಲ, ಏನೂ ಇಲ್ಲ. ಏನನ್ನು ಬಿಡಬೇಕು ಅಂತ ಹೇಳಿದೆನೇ ಹೊರತು, ಬಿಟ್ಟ ಜಾಗಕ್ಕೆ ಏನು ಬರಬೇಕು ಅಂತ ಒಂದು ಮಾತೂ ಹೇಳಲಿಲ್ಲ.

ಮೊದಲ ಹತ್ತು ದಿನಕ್ಕೆ ಎರಡು ಕಿಲೋ ಇಳಿಯಿತು. ಮನೆಯಲ್ಲಿ ಸಂಭ್ರಮ. ಅದರಲ್ಲಿ ಬಹುಪಾಲು ನೀರು ಅಂತ ನನಗೆ ಗೊತ್ತಿತ್ತು. ಪಿಷ್ಟ, ಸಕ್ಕರೆ ಕಮ್ಮಿಯಾದಾಗ ದೇಹ ಮೊದಲು ಕರಗಿಸುವುದು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನನ್ನು. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಇದನ್ನು ಭಾವನಿಗೆ ಆಗಲೇ ಹೇಳಬೇಕಿತ್ತು. ಅವರ ಖುಷಿ ನೋಡಿ ಸುಮ್ನಿದ್ದೆ. ಮುಂದಿನ ವಾರ ತೂಕ ಕದಲಲಿಲ್ಲ. ಇಷ್ಟೆಲ್ಲಾ ಮಾಡಿಯೂ ಏನು ಬಂತು ಅಂತ ಅವರಿಗೆ ಬೇಜಾರಾಯಿತು.

ಹದಿನೆಂಟನೇ ದಿನ ಶುಕ್ರವಾರ. ರಾತ್ರಿ ಮನೆಗೆ ಬರುವಾಗ ಗಾಂಧಿಬಜಾರಿನಲ್ಲಿ ಕಾಲು ಕಿಲೋ ಮೈಸೂರು ಪಾಕ್ ಕೊಂಡು, ಫುಟ್‌ಪಾತ್ ಮೇಲೆ ನಿಂತೇ ಅರ್ಧಕ್ಕಿಂತ ಜಾಸ್ತಿ ತಿಂದರು. ಉಳಿದ ಡಬ್ಬಿಯನ್ನು ತಂದು ಅಕ್ಕನ ಮುಂದೆ ಇಟ್ಟು, "ನನ್ನ ಕೈಲಿ ಆಗಲ್ಲ ಕಣೇ" ಅಂದರಂತೆ. ಅಕ್ಕ ಬೈಯಲಿಲ್ಲ. ಆದರೆ ಫೆಬ್ರವರಿ ಪೂರ್ತಿ ಮೊದಲಿನ ಹಾಗೇ ನಡೆಯಿತು, ಸ್ವಲ್ಪ ಮೊದಲಿಗಿಂತ ಜಾಸ್ತಿಯೇ. ತಿಂಗಳ ಕೊನೆಗೆ ತೂಕ ಮತ್ತೆ 81.

ಸಿಗರೇಟನ್ನು ಪೂರ್ತಿ ಬಿಡಬಹುದು. ಊಟ, ತಿಂಡಿ, ಕಾಫಿ ಹಾಗಲ್ಲ. ದಿನಕ್ಕೆ ಏಳೆಂಟು ಸಲ ಎದುರಿಗೆ ಬಂದು ನಿಲ್ಲುತ್ತವೆ. ಪ್ರತಿ ಸಲವೂ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾ ಕೂತರೆ ಯಾರಿಗಾದರೂ ಸುಸ್ತಾಗುತ್ತದೆ. ಅವರು ಸೋತಿದ್ದಲ್ಲ, ನಾನು ಕೊಟ್ಟ ಸಲಹೆ ಸೋತಿದ್ದು.

ಹನುಮಂತನಗರದ ಮನೆಗೆ ಹೋಗಿ ಇಷ್ಟನ್ನು ನೇರವಾಗಿಯೇ ಹೇಳಿದೆ. ಆಗ ಭಾವ ಒಂದು ಮಾತು ಅಂದರು. "ನೋಡಮ್ಮಾ, ನಾನು ಸಿಹಿ ತಿನ್ನೋನೇ ಅಲ್ಲ. ಹಬ್ಬಕ್ಕೆ ಎರಡು ಹೋಳಿಗೆ, ಅಷ್ಟೇ. ಆ ನಾಲ್ಕೂವರೆ ಹೊತ್ತಿಗೆ ಮಾತ್ರ ಏನೋ ಆಗುತ್ತೆ. ಆಗ ಬೇಕರಿಗೆ ಹೋಗದೆ ಇರಕ್ಕೆ ಆಗಲ್ಲ."

ಸಿಹಿ ತಿನ್ನುವವನಲ್ಲ ಅನ್ನುವುದನ್ನು ಅವರು ಮನಸಾರೆ ನಂಬಿದ್ದರು. ನಾಲ್ಕೂವರೆಯ ಮಾತೂ ನಿಜವೇ. ಎರಡನ್ನೂ ಹಿಡಿದುಕೊಂಡು ಮತ್ತೆ ಶುರು ಮಾಡಿದೆವು.

ಬಿಲ್ ಪುಸ್ತಕದ ಹಿಂಬದಿ

ಮಾರ್ಚ್ 11, ಸೋಮವಾರದಿಂದ ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೇ ಅಂದೆ. ಅಂಗಡಿಯ ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಗಂಟೆ, ತಿಂದದ್ದು, ಕುಡಿದದ್ದು. ಸೀರೆ ನಂಬರ್ ಬರೆದು ಅಭ್ಯಾಸ ಇರುವ ಕೈ. ಒಂದು ಸಾಲೂ ತಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ತಕ್ಕಡಿ ತೆಗೆದುಕೊಂಡು ಹೋದೆ. ಅಕ್ಕನ ಸಕ್ಕರೆ ಡಬ್ಬಿಯಲ್ಲಿ ಅವಳ ಅತ್ತೆ ಕಾಲದ ಒಂದು ಸ್ಟೀಲ್ ಚಮಚ ಇದೆ. ಹಿಡಿ ಸ್ವಲ್ಪ ಬಾಗಿದೆ, ಹೊಟ್ಟೆ ಆಳ. "ಒಂದು ಲೋಟಕ್ಕೆ ಒಂದೂವರೆ ಚಮಚ ಹಾಕ್ತೀನಿ" ಅಂದಳು ಅಕ್ಕ. ದಿನಾ ಹಾಕುವ ಹಾಗೇ ಹಾಕು ಅಂದೆ. ಗೋಪುರದ ಹಾಗೆ ತುಂಬಿಕೊಂಡು ಬಂದ ಒಂದು ಚಮಚ ತಕ್ಕಡಿಯಲ್ಲಿ 8 ಗ್ರಾಂ ತೂಗಿತು. ನಾವು ಲೆಕ್ಕ ಹೇಳುವಾಗ ಒಂದು ಟೀ ಚಮಚ ಅಂದರೆ 4-5 ಗ್ರಾಂ. ಅಕ್ಕನ ಒಂದೂವರೆ ಚಮಚ 12 ಗ್ರಾಂ ಆಯಿತು. ಮನೆಯಲ್ಲಿ ದಿನಕ್ಕೆ ಎರಡು ಕಾಫಿ, 24 ಗ್ರಾಂ.

ಅಂಗಡಿಯಲ್ಲಿ ಐದು ಸಲ ಬೈ ಟು. ಮದುವೆ ಸೀರೆಗೆ ಬಂದ ಮನೆಯವರಿಗೆ ಕಾಫಿ ತರಿಸುವುದು ಅಲ್ಲಿನ ರೂಢಿ. "ಗಿರಾಕಿ ಕುಡೀವಾಗ ನಾನು ಸುಮ್ನೆ ಕೂತ್ರೆ ಅವರಿಗೆ ಸಂಕೋಚ ಆಗುತ್ತೆ" ಅನ್ನುತ್ತಾರೆ ಭಾವ. ಅದೂ ಸುಳ್ಳಲ್ಲ. ಕೆಳಗಿನ ಹೋಟೆಲಿನವರನ್ನು ಕೇಳಿದರೆ ಒಂದು ಪೂರ್ತಿ ಕಾಫಿಗೆ ಎರಡು ಸಣ್ಣ ಚಮಚ ಅಂದರು. ಅರ್ಧ ಲೋಟಕ್ಕೆ 5 ಗ್ರಾಂ ಹಿಡಿದರೂ ಐದು ಬೈ ಟುಗೆ 25 ಗ್ರಾಂ. ನಾಲ್ಕೂವರೆಗೆ ಬೇಕರಿಯ ಒಂದು ಹನಿ ಕೇಕ್. ಸಕ್ಕರೆ ಪಾಕದಲ್ಲಿ ನೆನೆದು, ಮೇಲೆ ಜಾಮ್ ಸವರಿಸಿಕೊಂಡ ಆ ತುಂಡಿನಲ್ಲಿ ಕಮ್ಮಿ ಅಂದರೂ 20 ಗ್ರಾಂ. ಸಂಜೆ ಕಾಫಿಗೆ ಅದ್ದಿಕೊಂಡು ತಿನ್ನುವ ನಾಲ್ಕು ಮಾರಿ ಬಿಸ್ಕತ್, 5 ಗ್ರಾಂ. ರಾತ್ರಿ ಊಟ ಆದಮೇಲೆ ಒಂದು ತುಂಡು ಬೆಲ್ಲ, 10 ಗ್ರಾಂ.

ಒಟ್ಟು 84 ಗ್ರಾಂ. ಇದರಲ್ಲಿ ಭಾವ ಸಿಹಿ ಅಂತ ಒಪ್ಪಿಕೊಳ್ಳುವುದು ಹನಿ ಕೇಕ್ ಒಂದನ್ನೇ. 49 ಗ್ರಾಂ ಹೋಗುತ್ತಿದ್ದದ್ದು ಕಾಫಿಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: ನಾವು ಸೇರಿಸಿಕೊಳ್ಳುವ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲಾ ಸೇರಿ ದಿನದ ಕ್ಯಾಲೊರಿಯ ಶೇಕಡಾ 10ಕ್ಕಿಂತ ಕಮ್ಮಿ ಇರಬೇಕು, 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ 10 ಅಂದರೆ 50 ಗ್ರಾಂ, 5 ಅಂದರೆ 25 ಗ್ರಾಂ. ಹಣ್ಣನ್ನು ಹಣ್ಣಾಗಿಯೇ ತಿಂದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಬರೀ ಹಾಲಿನಲ್ಲಿರುವ ಸಕ್ಕರೆಯೂ ಬರುವುದಿಲ್ಲ.

84 ಗ್ರಾಂ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಅದಕ್ಕೆ ತಿಂಗಳ ಲೆಕ್ಕ ಹಾಕಿ, ಎರಡು ಕಿಲೋ ಪ್ಯಾಕೆಟ್, ಪಕ್ಕದಲ್ಲಿ ಅರ್ಧ ಕಿಲೋ ಪ್ಯಾಕೆಟ್ ಮೇಜಿನ ಮೇಲೆ ಇಟ್ಟೆ. ಭಾವ ಪ್ಯಾಕೆಟ್ ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. ರೇಷ್ಮೆ ಸೀರೆಯ ತೂಕ ನೋಡುವಾಗ ಹಾಗೇ ಎತ್ತುತ್ತಾರೆ. "ಇದು ನನ್ನೊಬ್ಬನದ್ದಾ?" ಅಂದರು.

ಗುರುವಾರದ ಖಾಲಿ ಸಾಲು

ಗ್ರಾಂ ಲೆಕ್ಕಕ್ಕಿಂತ ದೊಡ್ಡದು ಆ ಬಿಲ್ ಪುಸ್ತಕದಲ್ಲಿ ಇನ್ನೊಂದಿತ್ತು. ಕೆಲಸದ ಆರು ದಿನದಲ್ಲಿ ಐದು ದಿನ ನಾಲ್ಕೂವರೆಯ ಮುಂದೆ ಹನಿ ಕೇಕ್ ಅಂತ ಇದೆ. ಮಂಗಳವಾರವಂತೂ ಎರಡು. ಆದರೆ ಗುರುವಾರ, ಮಾರ್ಚ್ 14ರ ಸಾಲು ಖಾಲಿ. ಬರೆಯಲು ಮರೆತಿರಾ ಅಂತ ಕೇಳಿದೆ. "ಇಲ್ಲಮ್ಮಾ, ಅವತ್ತು ಹೋಗಲೇ ಇಲ್ಲ. ಯಾಕೋ ನೆನಪೇ ಬರಲಿಲ್ಲ."

ಅವತ್ತಿನ ಡಬ್ಬಿಯಲ್ಲಿ ಏನಿತ್ತು ಅಂತ ನೋಡಿದರೆ ಎರಡು ಚಪಾತಿ, ಕಡಲೆಕಾಳಿನ ಹುಳಿ, ಗಟ್ಟಿ ಮೊಸರು. ಉಳಿದ ದಿನ ಅನ್ನ, ತಿಳಿ ಸಾರು, ಎರಡು ಚಮಚ ಪಲ್ಯ, ಮೊಸರನ್ನ. ಮಂಗಳವಾರ ಚಿತ್ರಾನ್ನ ಒಂದೇ. ಜೊತೆಗೆ, ಮಗಳ ಪಿಯುಸಿ ಪರೀಕ್ಷೆ ನಡೆಯುತ್ತಿದ್ದ ವಾರ ಅದು. ಸೋಮವಾರ ರಾತ್ರಿ ಅವಳ ಜೊತೆ ಭಾವನೂ ಒಂದೂವರೆವರೆಗೆ ಎದ್ದಿದ್ದರು.

ಮಧ್ಯಾಹ್ನ ಒಂದಕ್ಕೆಲ್ಲಾ ಗಿರಾಕಿಗಳು ಬರುತ್ತಾರೆ ಅಂತ ಭಾವ ಹನ್ನೆರಡೂವರೆಗೇ ಊಟ ಮುಗಿಸುತ್ತಾರೆ. ಬಿಳಿ ಅನ್ನ, ತಿಳಿ ಸಾರು ಬೇಗ ಜೀರ್ಣವಾಗುತ್ತದೆ. ರಕ್ತದ ಸಕ್ಕರೆ ಬೇಗ ಏರಿ ಬೇಗ ಇಳಿಯುತ್ತದೆ. ಹೊಟ್ಟೆಯಲ್ಲಿ ನಿಲ್ಲುವ ಪ್ರೋಟೀನ್, ನಾರು ಅದರಲ್ಲಿ ಕಮ್ಮಿ. ನಾಲ್ಕೂವರೆಗೆ ಊಟವಾಗಿ ನಾಲ್ಕು ಗಂಟೆ. ನಡುವೆ ಸಕ್ಕರೆ ಹಾಕಿದ ಬೈ ಟು ಹಸಿವನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ, ಅಷ್ಟೇ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ ಹಸಿವು ಇನ್ನೂ ಜಾಸ್ತಿ. ನಿದ್ದೆಗೆಟ್ಟ ಮನಸ್ಸು ಕೇಳುವುದೂ ಸಿಹಿ, ಕರಿದದ್ದನ್ನೇ.

ಒಂದು ಶನಿವಾರ ನಾನೂ ಅಂಗಡಿಗೆ ಹೋಗಿ ಮೂಲೆಯಲ್ಲಿ ಕೂತೆ. ನಾಲ್ಕು ಗಂಟೆವರೆಗೆ ಭಾವನ ಕೈ ಎಷ್ಟು ಚುರುಕು. ಸೆರಗು ಹಿಡಿದು ಒಂದೇ ಬೀಸಿಗೆ ಸೀರೆ ಹರಡುತ್ತಾರೆ. ನಾಲ್ಕೂಕಾಲಿಗೆ ಒಂದು ಆಕಳಿಕೆ ಬಂತು. ಮಡಿಸಿದ ಸೀರೆಯ ಅಂಚು ಒಂದಕ್ಕೊಂದು ಕೂಡಲಿಲ್ಲ. ಮತ್ತೆ ಬಿಚ್ಚಿ ಮಡಿಸಿದರು. ಪಕ್ಕದ ಹುಡುಗ ಏನೋ ಕೇಳಿದ್ದಕ್ಕೆ ಸಿಡುಕಿದರು. ಆಮೇಲೆ ಎದ್ದು, ಅಳತೆ ಟೇಪನ್ನು ಕೊರಳಿಂದ ತೆಗೆದಿಟ್ಟು, ಗೆಳೆಯರೊಬ್ಬರ ಜೊತೆ ಮೆಟ್ಟಿಲು ಇಳಿದು ಹೊರಟರು. ಬೆಳಿಗ್ಗೆಯಿಂದ ಅವರು ಬೀದಿಯ ಗಾಳಿಗೆ ಬಂದದ್ದು ಅದೇ ಮೊದಲು. ಬೇಕರಿ ಮುಂದೆ ನಿಂತು ಹತ್ತು ನಿಮಿಷ ಮಾತಾಡಿಕೊಂಡು, ನಗುನಗುತ್ತಾ ವಾಪಸ್ ಬಂದರು.

ಆ ಹನಿ ಕೇಕಿನ ಹಿಂದೆ ಹಸಿವೂ ಇತ್ತು, ಸುಸ್ತೂ ಇತ್ತು, ಗಾದಿ ಬಿಟ್ಟು ಏಳುವ ಆಸೆಯೂ ಇತ್ತು. ನಾನು ಜನವರಿಯಲ್ಲಿ ಕೇಕನ್ನಷ್ಟೇ ಕಿತ್ತುಕೊಂಡಿದ್ದೆ. ಸಿಹಿ ಬೇಕು ಅನ್ನಿಸುವ ಹೊತ್ತಿಗೆ ಅದರ ಜೊತೆ ಜಗಳ ಆಡಿ ಪ್ರಯೋಜನ ಕಮ್ಮಿ. ಅದಕ್ಕೆ ನಾಲ್ಕು ಗಂಟೆ ಮೊದಲು ಏನು ತಿಂದಿರಿ, ಹಿಂದಿನ ರಾತ್ರಿ ಎಷ್ಟು ಮಲಗಿದಿರಿ ಅಂತ ನೋಡಬೇಕು. ಈಗ ನನ್ನ ಹತ್ತಿರ ಬರುವ ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆಯೇ ಇದು: ಆಸೆ ಎಷ್ಟು ಗಂಟೆಗೆ ಬರುತ್ತೆ?

ಮಾಡಿದ್ದೇನು

ಮೊದಲು ಡಬ್ಬಿ ಬದಲಾಯಿತು. ಅನ್ನ ಅರ್ಧ, ಅದರ ಜಾಗಕ್ಕೆ ಒಂದು ಬಟ್ಟಲು ಕಾಳು. ಹೆಸರುಕಾಳಿನ ಉಸ್ಲಿ, ಹುರುಳಿಕಾಳು, ಅಲಸಂದೆ, ಕಡಲೆಕಾಳು, ಒಂದು ದಿನ ಬಸ್ಸಾರಿನ ಸೊಪ್ಪು-ಬೇಳೆ ಪಲ್ಯ. ಮೊಸರು ಇದ್ದೇ ಇರಬೇಕು. ಇಲ್ಲಿ ಒಂದು ಮಾತು ಹೇಳಲೇಬೇಕು. ಗಂಡಸರಿಗೆ ಪಥ್ಯ ಅಂತ ಹೇಳಿದಾಗ ಮನೆಯ ಹೆಂಗಸಿನ ಮೇಲೆ ಇನ್ನೊಂದು ಅಡುಗೆ ಬೀಳುತ್ತದೆ. ಅಕ್ಕ ಐದೂವರೆಗೆ ಏಳುವವಳು. ಅವಳಿಗೆ ನಾಲ್ಕೂವರೆಗೆ ಏಳು ಅನ್ನಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಬೇರೆ ಅಡುಗೆ ಬೇಡ, ಮನೆಗೆಲ್ಲಾ ಅದೇ ಅಂತ ಆಯಿತು. ರಾತ್ರಿ ಕಾಳು ಆರಿಸಿ ನೆನೆಹಾಕುವುದು ಭಾವನ ಕೆಲಸ ಅಂತಲೂ ಆಯಿತು. ಇವತ್ತಿಗೂ ಅವರೇ ಹಾಕುತ್ತಾರೆ.

ಹುಳಿಗೆ ಹಾಕುವ ನಿಂಬೆಹಣ್ಣಿನ ಗಾತ್ರದ ಬೆಲ್ಲವನ್ನು ನಾನು ಮುಟ್ಟಲಿಲ್ಲ. ಬೆಂಗಳೂರಿನ ಹುಳಿಗೆ ಬೆಲ್ಲ ಇಲ್ಲದಿದ್ದರೆ ಅದು ಹುಳಿಯೇ ಅಲ್ಲ ಅಂತಾಳೆ ಅಕ್ಕ. ನಾಲ್ಕು ಜನಕ್ಕೆ, ಎರಡು ಹೊತ್ತಿಗೆ ಹಂಚಿ ಹೋಗುವ ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬಾರದು.

ಕಾಫಿಯ ಸಕ್ಕರೆ ಒಂದೇ ಸಲ ತೆಗೆಯಲಿಲ್ಲ. ಅತ್ತೆ ಕಾಲದ ಚಮಚ ಡಬ್ಬಿಯಿಂದ ಹೊರಗೆ ಬಂದು ಉಪ್ಪಿನಕಾಯಿ ಜಾಡಿಗೆ ಹೋಯಿತು. ಸಣ್ಣ ಅಳತೆ ಚಮಚ ಒಳಗೆ ಬಂತು. 12 ಗ್ರಾಂ ಇದ್ದದ್ದು ಹತ್ತು ದಿನ 9, ಆಮೇಲೆ ಹತ್ತು ದಿನ 6, ಕೊನೆಗೆ 4. ಡಿಕಾಕ್ಷನ್ ಸ್ವಲ್ಪ ಗಟ್ಟಿ ಇಳಿಸಿದರೆ ಸಕ್ಕರೆ ಕಮ್ಮಿಯಾದದ್ದು ಅಷ್ಟು ಗೊತ್ತಾಗುವುದಿಲ್ಲ ಅಂತ ಕಂಡುಹಿಡಿದವಳು ಅಕ್ಕನೇ. ಅಂಗಡಿಯಲ್ಲಿ ಐದು ಬೈ ಟು ಎರಡಾಯಿತು. ಟೀ ಬೇಡ, ಕಾಫಿಯೇ ತರಿಸಿ ಅಂದೆ. ಅಲ್ಲಿ ಟೀ ಅನ್ನು ಸಕ್ಕರೆ ಹಾಕಿಯೇ ಕುದಿಸುತ್ತಾರೆ. ಕಾಫಿ ಲೋಟಕ್ಕೊಂದರಂತೆ ಮಾಡುವುದರಿಂದ ಅರ್ಧ ಸಕ್ಕರೆ ಅಂದರೆ ಅರ್ಧವೇ ಹಾಕುತ್ತಾರೆ. ಉಳಿದ ಮೂರು ಸಲ ಗಿರಾಕಿಗಳ ಜೊತೆ ಭಾವನ ಕೈಯಲ್ಲಿ ಮಜ್ಜಿಗೆ. ಇಂಗು, ಕರಿಬೇವು ಹಾಕಿ ಅಕ್ಕ ಬಾಟಲಿ ತುಂಬಿ ಕಳಿಸುತ್ತಾಳೆ. ಕೈಯಲ್ಲಿ ಲೋಟ ಇದ್ದರೆ ಆಯಿತು, ಯಾರಿಗೂ ಸಂಕೋಚವಿಲ್ಲ.

ನಾಲ್ಕೂವರೆಯ ನಡಿಗೆ ನಿಲ್ಲಿಸಲಿಲ್ಲ. ನಿಲ್ಲಿಸಲೇಬಾರದಿತ್ತು. ಗೆಳೆಯರ ಜೊತೆ ಮೊದಲಿನ ಹಾಗೇ ಇಳಿದು ಹೋಗುವುದು, ಬೇಕರಿ ದಾಟಿ ತಳ್ಳುಗಾಡಿಯ ತನಕ. ಉಪ್ಪು-ಖಾರ ಹಾಕಿದ ಸೀಬೆಹಣ್ಣು ಇಲ್ಲವೇ ಪರಂಗಿ. ಜೇಬಿನಲ್ಲಿ ಒಂದು ಹಿಡಿ ಹುರಿಗಡಲೆ, ಕಡಲೆಕಾಯಿ ಬೀಜ. ಬೇಕರಿಗೇ ಹೋಗಬೇಕು ಅನ್ನಿಸಿದ ದಿನ ಕಾಂಗ್ರೆಸ್ ಕಡಲೆಕಾಯಿಯ ಸಣ್ಣ ಪೊಟ್ಟಣ. ಹನಿ ಕೇಕ್ ಶನಿವಾರಕ್ಕೆ ಉಳಿಯಿತು. ಒಂದು ಪೂರ್ತಿ ತುಂಡು, ಅಪರಾಧ ಮಾಡಿದ ಹಾಗೆ ಅಲ್ಲ, ಕೂತು ನಿಧಾನವಾಗಿ. ಶನಿವಾರ ಸಿಗುತ್ತದೆ ಅಂತ ಗೊತ್ತಿದ್ದರೆ ಬುಧವಾರ ಅದನ್ನು ದಾಟಿ ಹೋಗುವುದು ಸುಲಭ ಅಂತಾರೆ ಭಾವ.

ನಡುವೆ ಅಕ್ಕನಿಗೆ ಒಂದು ಉಪಾಯ ಹೊಳೆಯಿತು. ಬೆಲ್ಲದ ಕಾಫಿ. ಈಗ ಬೀದಿಗೊಂದು ಬೋರ್ಡ್ ಇದೆ ಅಲ್ವಾ. ಬೆಲ್ಲ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಆಳ. ನನಗೂ ಬೆಲ್ಲ ಅಂದರೆ ಪ್ರಾಣ. ಆದರೆ 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 380ರ ಹತ್ತಿರ. ಅದರಲ್ಲಿ ಸ್ವಲ್ಪ ಕಬ್ಬಿಣ ಇದೆ ನಿಜ, ಅದಕ್ಕಾಗಿ ತಿನ್ನಬೇಕಾದ ಬೆಲ್ಲ ಬಹಳ ಆಗುತ್ತದೆ. ರುಚಿಗೆ ಬೆಲ್ಲ ಹಾಕಿ, ತೂಕ ಇಳಿಸುವುದಕ್ಕೆ ಅಂತ ಹಾಕಬೇಡಿ. ಜೇನಿಗೂ ಇದೇ ಮಾತು.

ಸಕ್ಕರೆ ಬದಲು ಹಾಕುವ ಸಿಹಿ ಗುಳಿಗೆ ಆಗಬಹುದಾ ಅಂತ ಭಾವ ಕೇಳಿದರು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಇವುಗಳನ್ನು ನೆಚ್ಚಿಕೊಳ್ಳಬೇಡಿ ಎಂದಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ನನ್ನ ಕಾರಣ ಇನ್ನೂ ಸರಳ. ನಾಲಿಗೆ ಕಮ್ಮಿ ಸಿಹಿಗೆ ಒಗ್ಗಲಿ ಅಂತ ನಾವು ಪಾಡು ಪಡುತ್ತಿರುವಾಗ, ಗುಳಿಗೆ ಅದನ್ನು ಮತ್ತೆ ಹಳೇ ಸಿಹಿಗೇ ಎಳೆಯುತ್ತದೆ.

ಹಬ್ಬ, ಬಿಸಿಲು, ಮದುವೆ

ಏಪ್ರಿಲ್ 9ರ ಯುಗಾದಿಗೆ ತೂಕ 79.6. ಅವತ್ತು ಭಾವ ಎರಡು ಹೋಳಿಗೆ, ತುಪ್ಪ ಹಾಕಿಕೊಂಡು ತಿಂದರು. ನಾನೇ ಬಡಿಸಿದೆ. ತೊಂದರೆ ಆದದ್ದು ಮಾರನೇ ದಿನದಿಂದ. ಡಬ್ಬಿಯಲ್ಲಿ ಹದಿನಾಲ್ಕು ಹೋಳಿಗೆ ಉಳಿದಿತ್ತು. ಬೆಳಿಗ್ಗೆ ಕಾಫಿ ಜೊತೆ ಒಂದು, ರಾತ್ರಿ ಮೊಸರನ್ನದ ಮೇಲೆ ಒಂದು. "ಹಬ್ಬ ಒಂದು ದಿನ, ಡಬ್ಬಿ ಐದು ದಿನ" ಅಂತ ಅಕ್ಕನೇ ಅಂದಳು. ಅಲ್ಲಿಂದ ಮುಂದೆ ಹಬ್ಬದ ಸಂಜೆಗೇ ಉಳಿದದ್ದನ್ನು ಅಕ್ಕಪಕ್ಕದವರಿಗೆ, ಅಂಗಡಿಯವರಿಗೆ ಹಂಚಿಬಿಡುವುದು ಅಂತ ಮಾಡಿಕೊಂಡರು. ಸೆಪ್ಟೆಂಬರ್‌ನ ಗೌರಿ-ಗಣೇಶನ ಕಡುಬು ಹಾಗೆಯೇ ಹಂಚಿ ಹೋಯಿತು.

ಏಪ್ರಿಲ್ ಕೊನೆಯಿಂದ ಐದು ವಾರ ತೂಕ 78.9ರಲ್ಲೇ ನಿಂತಿತು. ಡಬ್ಬಿ ಸರಿಯಿತ್ತು, ಕಾಫಿ ಸರಿಯಿತ್ತು. ಮತ್ತೆ ಬಿಲ್ ಪುಸ್ತಕ ತೆಗೆಸಿದೆ. ಆ ವರ್ಷದ ಬಿಸಿಲು ನೆನಪಿದೆಯಲ್ಲ, ಬೆಂಗಳೂರಿನಲ್ಲೇ 37 ಡಿಗ್ರಿ ದಾಟಿತ್ತು. ಮದುವೆ ಸೀಸನ್ ಬೇರೆ. ಅಂಗಡಿಯವರು ಗಿರಾಕಿಗಳಿಗೆ ಕಾಫಿ ಬದಲು ತಂಪು ಪಾನೀಯ, ಕಬ್ಬಿನ ಹಾಲು ತರಿಸುತ್ತಿದ್ದರು. 250 ಮಿಲಿಲೀಟರ್ ತಂಪು ಪಾನೀಯದ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ. ಒಂದು ದೊಡ್ಡ ಲೋಟ ಕಬ್ಬಿನ ಹಾಲಿನಲ್ಲೂ ಅಷ್ಟಕ್ಕೆ ಕಮ್ಮಿ ಇಲ್ಲ. ಭಾವ ಅದನ್ನು ಬಾಯಾರಿಕೆ ಅಂತ ಲೆಕ್ಕ ಹಾಕಿದ್ದರು, ಸಿಹಿ ಅಂತ ಅಲ್ಲ. ಕುಡಿದ ಸಕ್ಕರೆಗೆ ಹೊಟ್ಟೆ ಲೆಕ್ಕ ಇಡುವುದಿಲ್ಲ. ತಿಂದ ಹಾಗೆ ತೃಪ್ತಿಯೂ ಆಗುವುದಿಲ್ಲ. ಎಳನೀರು, ಇನ್ನೊಂದು ಬಾಟಲಿ ಮಜ್ಜಿಗೆ ಅಂತ ಬದಲಾಯಿಸಿದ ಮೇಲೆ ಜೂನ್ ಎರಡನೇ ವಾರದಿಂದ ಮತ್ತೆ ಇಳಿಯತೊಡಗಿತು.

ಅದೇ ತಿಂಗಳು ನಡಿಗೆಯೂ ಸೇರಿತು. ಚಿಕ್ಕಪೇಟೆಯಿಂದ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯುತ್ತಿದ್ದವರು, ವಾರಕ್ಕೆ ನಾಲ್ಕು ದಿನ ನಡೆದೇ ಮನೆಗೆ ಬರತೊಡಗಿದರು. ಹಾಗಾಗಿ ಇಳಿದ ತೂಕವೆಲ್ಲಾ ಸಕ್ಕರೆ ಕಮ್ಮಿ ಮಾಡಿದ್ದರಿಂದಲೇ ಅಂತ ನಾನು ಹೇಳುವುದಿಲ್ಲ. ಅನ್ನ ಅರ್ಧ ಆದದ್ದು, ನಡೆದದ್ದು, ಹತ್ತೂವರೆಗೆ ಮಲಗಿದ್ದು ಎಲ್ಲಾ ಸೇರಿದೆ.

ಆಗಸ್ಟಿನಲ್ಲಿ ಒಂದು ದಿನ ಭಾವ ಫೋನ್ ಮಾಡಿದರು. ಹೊಸ ಹುಡುಗ ಮರೆತು ಮೊದಲಿನ ಹಾಗೆ ಪೂರ್ತಿ ಸಕ್ಕರೆಯ ಕಾಫಿ ತಂದಿದ್ದನಂತೆ. "ಕಾಫಿನಾ ಅದು? ಪಾಯಸ ಇದ್ದ ಹಾಗಿತ್ತು ಕಣಮ್ಮಾ. ಇದನ್ನಾ ನಾನು ಇಪ್ಪತ್ತು ವರ್ಷ ಕುಡಿದಿದ್ದು?" ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದವರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ನೆನಪಾಯಿತು. ಮೂರು ತಿಂಗಳು ಸಕ್ಕರೆ ಕಮ್ಮಿ ಮಾಡಿದವರಿಗೆ ಅದೇ ತಿನಿಸು ಮೊದಲಿಗಿಂತ ಜಾಸ್ತಿ ಸಿಹಿ ಅನ್ನಿಸತೊಡಗಿತ್ತು. ಆದರೆ ಸಿಹಿಯ ಮೇಲಿನ ಇಷ್ಟ ಬದಲಾಗಿರಲಿಲ್ಲ. ಭಾವನದ್ದೂ ಹಾಗೇ. ಕಾಫಿ ಕಮ್ಮಿ ಸಿಹಿಗೆ ಒಗ್ಗಿತು. ಹನಿ ಕೇಕ್ ಇವತ್ತಿಗೂ ಅಷ್ಟೇ ಇಷ್ಟ.

ಈಗ ಎಲ್ಲಿದ್ದಾರೆ

ನವೆಂಬರ್ 25, ಬಸವನಗುಡಿ ಕಡಲೆಕಾಯಿ ಪರಿಷೆಯ ದಿನ ತೂಕ 74.6. ಪರಿಷೆಯಲ್ಲಿ ಕಡಲೆಕಾಯಿ ಬಿಡಿಸುತ್ತಾ ಎರಡು ಸುತ್ತು ಹಾಕಿದೆವು. ಬತ್ತಾಸಿನ ಅಂಗಡಿ ಮುಂದೆ ನಿಂತು ಮಗಳಿಗೆ ಒಂದು ಪೊಟ್ಟಣ ಕೊಡಿಸಿ, ತಾವು ಒಂದು ಬಾಯಿಗೆ ಹಾಕಿಕೊಂಡರು. ಒಂದೇ. ಡಿಸೆಂಬರಿನ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.8, ಸುತ್ತಳತೆ 93. ಸೇರಿಸಿಕೊಳ್ಳುವ ಸಕ್ಕರೆ ದಿನಕ್ಕೆ ಸುಮಾರು 21 ಗ್ರಾಂ. ಬಿಎಂಐ ಇನ್ನೂ 26ರ ಮೇಲಿದೆ, ಹೊಸ್ತಿಲಿಂದ ಪೂರ್ತಿ ಹಿಂದೆ ಬಂದಿಲ್ಲ. ಡಾಕ್ಟರ್ ಆರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ.

ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ಭಾವ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ, ಸಕ್ಕರೆಯನ್ನು ಹೀಗೆ ಇಳಿಸುವ ಮೊದಲು ತಮ್ಮ ಡಾಕ್ಟರ್ ಹತ್ತಿರ ಮಾತಾಡಲೇಬೇಕು. ರಕ್ತದ ಸಕ್ಕರೆ ತೀರಾ ಕೆಳಗೆ ಬಿದ್ದರೆ ಅಪಾಯ.

ರಾತ್ರಿಯ ಬೆಲ್ಲ ಮಾತ್ರ ಬಿಡಿಸಲು ಆಗಲಿಲ್ಲ. ಸೋಂಪು ಕೊಟ್ಟು ನೋಡಿದೆ, ಏಲಕ್ಕಿ ಕೊಟ್ಟು ನೋಡಿದೆ. ಜುಲೈನಲ್ಲಿ ಒಂದು ರಾತ್ರಿ ಊಟ ಮುಗಿಸಿ ಕೂತಾಗ ಭಾವ ಹೇಳಿದರು. ಚಿಕ್ಕಂದಿನಲ್ಲಿ ಮಾಗಡಿ ಹತ್ತಿರದ ಊರಲ್ಲಿ, ಊಟ ಆದಮೇಲೆ ಅವರಮ್ಮ ಐದು ಮಕ್ಕಳನ್ನೂ ಸಾಲಾಗಿ ಕೂರಿಸಿ ಅಂಗೈಗೆ ಒಂದೊಂದು ಚೂರು ಬೆಲ್ಲ ಇಡುತ್ತಿದ್ದರಂತೆ. ಅನ್ನ ಕಮ್ಮಿ ಬಿದ್ದ ದಿನವೂ ಬೆಲ್ಲ ತಪ್ಪುತ್ತಿರಲಿಲ್ಲವಂತೆ. ಅದಾದ ಮೇಲೆ ನಾನು ಆ ಮಾತು ಎತ್ತಲಿಲ್ಲ. ತುಂಡು ಅರ್ಧ ಮಾಡಿ ಅಂದೆ, ಅರ್ಧ ಮಾಡಿದರು.

ಈ ಸಲ ಸಂಕ್ರಾಂತಿಯ ಹಿಂದಿನ ವಾರ ಅವರ ಮನೆಗೆ ಹೋದಾಗ ಭಾವ ನೆಲದ ಮೇಲೆ ಪೇಪರ್ ಹಾಸಿಕೊಂಡು ಎಳ್ಳಿಗೆ ಬೆಲ್ಲ ಹೆಚ್ಚುತ್ತಿದ್ದರು. ಪ್ರತಿ ವರ್ಷ ಅದು ಅವರದೇ ಕೆಲಸ. ಅಚ್ಚು ಬೆಲ್ಲವನ್ನು ಚಾಕುವಿನಲ್ಲಿ ಅದುಮಿ, ಹುರಿಗಡಲೆಯಷ್ಟೇ ಸಣ್ಣದಾಗಿ, ಒಂದೇ ಸಮ ಚೌಕ. ಅಕ್ಕ ಕೊಬ್ಬರಿ ಹೆಚ್ಚುತ್ತಿದ್ದಳು. ಊಟಕ್ಕೆ ಏಳುವ ಮೊದಲು ಭಾವ ಆ ರಾಶಿಯಿಂದ ನಾಲ್ಕು ಚೂರು ಆರಿಸಿ, ಒಂದು ಸಣ್ಣ ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ ಕಪಾಟಿನಲ್ಲಿ ಇಟ್ಟರು.

"ಮನೇಲಿ ನಾಲ್ಕು ಜನ ಅಲ್ವಾ" ಅಂದರು.